ಹಾಡು ಯಾರದು?

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಾನು ಟ್ರ್ಯಾಕ್ ಹಾಡುತ್ತಿದ್ದೆ. ವಾದ್ಯಗಳ ರೆಕಾರ್ಡಿಂಗ್ ಮುಗಿದಿರುತ್ತದೆ. ಕ್ಯಾಸೆಟ್ಟಿನ ಮೇಲೆ ಯಾರ ಹೆಸರು ಬರಬೇಕೋ ಆ ಗಾಯಕರು ಇನ್ನೂ ಬಂದಿರುವುದಿಲ್ಲ. ಹಾಡು ಹೀಗೆ ಹೋಗುತ್ತದೆ ಎಂದು ತೋರಿಸಲು ಯಾರಾದರೊಬ್ಬರು ಮೊದಲೇ ಹಾಡಿಟ್ಟಿರಬೇಕು. ಅದೇ ಟ್ರ್ಯಾಕ್. ಗಾಯಕರು ಬಂದು, ಹೆಡ್‌ಫೋನ್ ಹಾಕಿಕೊಂಡು ಅದನ್ನು ಒಂದೆರಡು ಸಲ ಕೇಳಿ, ಕೈಬರಹದಲ್ಲಿ ಸಾಹಿತ್ಯ ಇಳಿಸಿಕೊಂಡು, ವಾಯ್ಸ್ ರೂಮಿಗೆ ಹೋಗುತ್ತಾರೆ. ಅವರ ಟೇಕ್ ಓಕೆ ಆದ ಮೇಲೆ ನಮ್ಮ ದನಿಯನ್ನು ಅಳಿಸುತ್ತಾರೆ. ಕೆಲಸದ ಕಟ್ಟಲೆಯೇ ಹಾಗೆ, ನನಗೆ ಅದರಲ್ಲಿ ಬೇಸರವಿರಲಿಲ್ಲ. ಕವಿ ಬರೆದ ಹಾಳೆ, ಸಂಗೀತ ನಿರ್ದೇಶಕರ ಹಾರ್ಮೋನಿಯಂ, ಗಾಯಕರ ಮೈಕು, ಈ ಮೂರೂ ಕಾಣುವ ಜಾಗದಲ್ಲಿ ಕೂತು ಒಂದು ಹಾಡು ಹೇಗಾಗುತ್ತದೆ ಎಂದು ನೋಡುವ ಭಾಗ್ಯ ಟ್ರ್ಯಾಕ್ ಹಾಡುವವರಿಗೆ ಸಿಗುತ್ತದೆ. ನಮ್ಮ ಭಾಗ ಮುಗಿದಿರುತ್ತದೆ, ಮನೆಗೆ ಹೋಗಬಹುದು. ನಾನು ಹೋಗುತ್ತಿರಲಿಲ್ಲ.

ಒಂದು ಭಾವಗೀತೆಯ ಕ್ಯಾಸೆಟ್ಟಿನ ಕೆಲಸ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕವಿಗಳು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಹಾಡು, ಮಗಳನ್ನು ಗಂಡನ ಮನೆಗೆ ಕಳಿಸಿ ಬಾಗಿಲು ಹಾಕಿಕೊಂಡ ತಾಯಿಯದು. ಪಲ್ಲವಿಯ ಕೊನೆಯ ಪದ ‘ಕಂಬನಿ’. ಸಂಗೀತ ನಿರ್ದೇಶಕರು ರಾಗವನ್ನು ಏರಿಸುತ್ತಾ ಹೋಗಿ, ಆ ಕೊನೆಯ ‘ನಿ’ಯನ್ನು ತಾರಷಡ್ಜದಲ್ಲಿ ಎಂಟು ಮಾತ್ರೆ ನಿಲ್ಲಿಸಿದ್ದರು. ನಾನು ಟ್ರ್ಯಾಕಿನಲ್ಲಿ ಹಾಗೆಯೇ ಹಾಡಿದ್ದೆ. ಸ್ವರ ಸರಿ, ತಾಳ ಸರಿ. ಆದರೆ ಮೇಲಿನ ಸ್ಥಾಯಿಯಲ್ಲಿ ಇಕಾರ ಗಂಟಲನ್ನು ಹಿಡಿಯುತ್ತದೆ. ಆಕಾರವೋ ಓಕಾರವೋ ಇದ್ದರೆ ಬಾಯಿ ತೆರೆದುಕೊಂಡು ದನಿ ತುಂಬಿ ಬರುತ್ತದೆ. ಇಕಾರದಲ್ಲಿ ತುಟಿ ಎಳೆದುಕೊಂಡು ದನಿ ಚೂಪಾಗುತ್ತದೆ. ಹಾಡುವವರೆಲ್ಲರಿಗೂ ಗೊತ್ತಿರುವ ಸಂಗತಿ ಇದು. ಬರೆಯುವವರಿಗೆ ಗೊತ್ತಿರಲೇಬೇಕೆಂದಿಲ್ಲ.

ಹಾಡಬೇಕಾದವರು ಆಗಲೇ ಹೆಸರು ಮಾಡಿದ್ದ ಗಾಯಕಿ. ಟ್ರ್ಯಾಕ್ ಕೇಳಿ, ಹೆಡ್‌ಫೋನ್ ತೆಗೆದು, ಸಂಗೀತ ನಿರ್ದೇಶಕರನ್ನು ಕೇಳಿದರು: “ಸಾರ್, ಈ ಜಾಗದಲ್ಲಿ ಕಿರುಚಿದ ಹಾಗಾಗುತ್ತೆ. ಅಳು ತಡ್ಕೊಂಡು ನಿಂತಿರೋಳು ಕಿರುಚ್ತಾಳಾ?”

ಅವರು ಕವಿಗಳ ಕಡೆ ತಿರುಗಿದರು. “ಮೇಷ್ಟ್ರೇ, ಆಕಾರದಲ್ಲಿ ಮುಗಿಯೋ ಪದ ಯಾವುದಾದ್ರೂ ಕೊಡ್ತೀರಾ?”

“ಬೇಕಾದಷ್ಟಿದೆಯಪ್ಪಾ. ಆದರೆ ಯಾವುದೂ ಕಂಬನಿ ಆಗಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಗಾಯಕಿಯೇ, “ನಾನು ಒಂಥರಾ ಹಾಡಿ ತೋರಿಸ್ತೀನಿ, ಬೇಡ ಅನಿಸಿದ್ರೆ ಬಿಡಿ” ಎಂದು ಒಳಗೆ ಹೋದರು. ಏರುತ್ತಾ ಬಂದ ರಾಗವನ್ನು ‘ಕಂ’ ಎಂಬಲ್ಲೇ ತಾರಷಡ್ಜಕ್ಕೆ ಮುಟ್ಟಿಸಿ, ತುಟಿ ಮುಚ್ಚಿದರು. ಎಂಟು ಮಾತ್ರೆಯೂ ಆ ಮಕಾರದ ನಾದ ಮುಚ್ಚಿದ ಬಾಯಿಯ ಒಳಗೇ ನಿಂತಿತು. ಕೊನೆಗೆ ‘ಬನಿ’ ಎಂಬೆರಡು ಅಕ್ಷರಗಳನ್ನು ಕೆಳಗೆ ಪಂಚಮದಲ್ಲಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಬಿಟ್ಟರು. ಏರಿಕೆ ಅದೇ, ತಾಳ ಅದೇ, ಪದವೂ ಅದೇ. ಆದರೆ ತಾಯಿ ಅಳುವನ್ನು ನುಂಗಿಕೊಂಡದ್ದು ಈಗ ಕೇಳಿಸಿತು.

ಸಂಗೀತ ನಿರ್ದೇಶಕರು ಕನ್ಸೋಲಿನ ಮುಂದಿದ್ದ ಸೌಂಡ್ ಇಂಜಿನಿಯರಿಗೆ, “ಆ ಜಾಗದಲ್ಲಿ ವಯಲಿನ್ ಬರುತ್ತಲ್ಲ, ಮ್ಯೂಟ್ ಮಾಡಿಬಿಡಿ” ಎಂದರು. ತಮ್ಮ ಕೈಯಾರೆ ಬರೆದು, ದುಡ್ಡು ಕೊಟ್ಟು ನುಡಿಸಿದ್ದ ಬಿಟ್ ಅದು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಮೂರನೆಯ ಚರಣದ ಮೇಲೆ ಅಡ್ಡಗೆರೆ ಎಳೆದರು. “ಇದು ಬೇಡ. ಆಕೆ ಹೇಳಬೇಕಾದ್ದು ಅಲ್ಲೇ ಮುಗೀತು” ಎಂದರು. ಆ ಚರಣ ಕೆಟ್ಟದ್ದಾಗಿರಲಿಲ್ಲ. ನಾನು ಅದನ್ನು ಟ್ರ್ಯಾಕಿನಲ್ಲಿ ಹಾಡಿದ್ದವಳು, ಅದರ ಸೊಗಸು ನನಗೆ ಗೊತ್ತು. ಆದರೂ ಅವರು ತೆಗೆದದ್ದೇ ಸರಿ.

ಆ ‘ಕಂಬನಿ’ ಯಾರದು? ಪದ ಮೇಷ್ಟ್ರದು. ಏರಿಕೆ ಸಂಗೀತ ನಿರ್ದೇಶಕರದು. ಅದನ್ನು ಬಾಯಿ ಮುಚ್ಚಿ ಹಾಡಬೇಕೆಂದು ಕಂಡವರು ಗಾಯಕಿ. ಕ್ಯಾಸೆಟ್ ಕೇಳಿದವರು ಮೆಚ್ಚಿಕೊಂಡದ್ದೂ ಅದೇ ಜಾಗವನ್ನು, ಹೊಗಳಿದ್ದು ಮಾತ್ರ ಗಾಯಕಿಯನ್ನು. ಅವತ್ತಿನಿಂದ ನಾನು ಯಾವ ಒಳ್ಳೆಯ ಹಾಡು ಕೇಳಿದರೂ, ಇದರಲ್ಲಿ ಯಾರು ಯಾರಿಗೆ ಜಾಗ ಬಿಟ್ಟುಕೊಟ್ಟರು ಎಂದು ಹುಡುಕುತ್ತೇನೆ.

ನಮ್ಮ ಭಾವಗೀತೆಗಳಲ್ಲಿ ಪದ ಮೊದಲು, ರಾಗ ಆಮೇಲೆ. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೊದಲು ಕವಿತೆಯಾಗಿ ಪುಸ್ತಕದಲ್ಲಿತ್ತು. ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ ಆ ಹೆಸರಿನ ಕ್ಯಾಸೆಟ್ 1978ರಲ್ಲಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಭೂವಿಜ್ಞಾನ ಓದಿ, ಅದನ್ನೇ ಪಾಠ ಮಾಡಿದ ಕವಿ, ನಾಡಿನ ನೆಲವನ್ನು, ನೀರನ್ನು, ಕಾಡನ್ನು ಸಾಲುಸಾಲಾಗಿ ಇಟ್ಟಿದ್ದರು. ಅನಂತಸ್ವಾಮಿಯವರು ಮಾಡಿದ ದೊಡ್ಡ ಕೆಲಸವೆಂದರೆ ಅದನ್ನು ಎಲ್ಲರೂ ಹಾಡುವಂತೆ ಮಾಡಿದ್ದು. ಸಂಗೀತ ಕಲಿತವರಿಗೆ ಮಾತ್ರ ಸಿಗುವ ಬಿರ್ಕಾ, ಪಲುಕು ಅದರಲ್ಲಿಲ್ಲ. ಮೂರನೆಯ ಕ್ಲಾಸಿನ ಮಗುವಿನ ಉಸಿರಿಗೂ ನಿಲುಕುವ ಏರಿಳಿತ ಅದು. ಮೈಸೂರಿನಲ್ಲಿ ನಮ್ಮ ಸಂಗೀತದ ಮೇಡಂ ವರ್ಣ, ಕೀರ್ತನೆ ಮುಗಿದ ಮೇಲೆ ಕೊನೆಯ ಹತ್ತು ನಿಮಿಷ ಇಂಥ ಹಾಡು ಹೇಳಿಕೊಡುತ್ತಿದ್ದರು. ಸುಲಭವಾಗಿದೆ ಎಂದು ಯಾರಾದರೂ ಅಂದರೆ ಗದರುತ್ತಿದ್ದರು. ಸುಲಭವಾಗಿ ಕೇಳಿಸುವ ರಾಗ ಹಾಕುವುದು ಎಷ್ಟು ಕಷ್ಟ ಎಂದು ನನಗೆ ಅರ್ಥವಾದದ್ದು ಸ್ಟುಡಿಯೋ ನೋಡಿದ ಮೇಲೆ.

ಒಂದೇ ಪದಕ್ಕೆ ಎರಡು ರಾಗ ಬಿದ್ದರೆ ಎರಡು ಹಾಡಾಗುತ್ತದೆ. ಇದಕ್ಕೆ ನಮ್ಮ ನಾಡಗೀತೆಗಿಂತ ಬೇರೆ ಸಾಕ್ಷಿ ಬೇಡ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಆದರೆ ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ವಾದ ವರ್ಷಾನುಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಬರೀ ಪದವೇ ಹಾಡಾಗಿದ್ದರೆ ಸರ್ಕಾರದವರೆಗೆ ಹೋಗಬೇಕಾದ ಪ್ರಶ್ನೆಯೇ ಇರುತ್ತಿರಲಿಲ್ಲ. ಅಶ್ವತ್ಥರ ಧಾಟಿಯನ್ನು ಈಗಲೂ ಪ್ರೀತಿಯಿಂದ ಹಾಡುವವರಿದ್ದಾರೆ, ನನಗೂ ಅದು ಇಷ್ಟ.

ಸಿನಿಮಾದಲ್ಲಿ ಬಹುಮಟ್ಟಿಗೆ ಪದ ಮೊದಲು ಎಂಬ ಕ್ರಮ ತಿರುಗುಮುರುಗು. ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಸಂಗೀತ ನಿರ್ದೇಶಕರು ‘ತಾನ ತನನ’ ಎಂದು ಹಾಡಿಟ್ಟಿರುತ್ತಾರೆ. ಆ ತನನದ ಜಾಗಕ್ಕೆ ಮಾತು ಕೂರಬೇಕು. ಎಲ್ಲಿ ದೀರ್ಘ, ಎಲ್ಲಿ ಹ್ರಸ್ವ ಎಂಬುದನ್ನು ಟ್ಯೂನ್ ಆಗಲೇ ಹೇಳಿಬಿಟ್ಟಿದೆ. ಸ್ವರ ಜಾರಿಕೊಂಡು ಹೋಗುವ ಜಾಗದಲ್ಲಿ ಒತ್ತಕ್ಷರ ಬಂದರೆ ಗಾಯಕರು ತಡವರಿಸುತ್ತಾರೆ. ಸಮದ ಮೇಲೆ ವಿಭಕ್ತಿ ಪ್ರತ್ಯಯ ಬಿದ್ದರೆ ಅರ್ಥ ಕುಂಟುತ್ತದೆ. ಟ್ಯೂನಿಗೆ ಬರೆಯುವುದು ಕವಿಗೆ ಕಡಿಮೆ ಎಂಬ ಮಾತನ್ನು ಸಾಹಿತ್ಯದ ಸಭೆಗಳಲ್ಲಿ ಕೇಳಿದ್ದೇನೆ, ಒಪ್ಪಿಲ್ಲ. ಷಟ್ಪದಿಯಲ್ಲಿ ಬರೆದವರೂ ಮಾತ್ರೆಯ ಕಟ್ಟಿನೊಳಗೇ ಬರೆದರು.

ಚಿ. ಉದಯಶಂಕರ್ ಈ ವಿದ್ಯೆಯಲ್ಲಿ ಎತ್ತಿದ ಕೈ. ಅವರ ಪದಗಳಲ್ಲಿ ಕಷ್ಟದ ಮಾತೇ ಸಿಗುವುದಿಲ್ಲ. ಮನೆಯಲ್ಲಿ ಆಡುವ ಕನ್ನಡ, ಆದರೆ ರಾಗದ ತಿರುವು ಎಲ್ಲಿದೆಯೋ ಅಲ್ಲೇ ಮಾತಿನ ತಿರುವೂ ಬರುತ್ತದೆ. ಮೈಸೂರಿನ ಅಣ್ಣತಮ್ಮಂದಿರಾದ ರಾಜನ್–ನಾಗೇಂದ್ರ ಅವರ ಸಂಗೀತವಿರುವ ‘ಎರಡು ಕನಸು’ ಚಿತ್ರದ ಹಾಡುಗಳನ್ನು ಬಾಯಲ್ಲಿ ಹಾಡಿಕೊಳ್ಳದೆ ಬರೀ ಓದಿ ನೋಡಿ. ಸಾದಾ ಮಾತು ಅನಿಸುತ್ತದೆ. ಆಮೇಲೆ ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಕೇಳಿ. ಆ ಸಾದಾತನವನ್ನು ಅವರ ದನಿ ಎಲ್ಲೂ ಅಲುಗಿಸುವುದಿಲ್ಲ, ಪದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ರಾಜ್‌ಕುಮಾರ್ ತಾವೇ ಹಾಡಿದರು, ಆಮೇಲೆ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಪದ ಉದಯಶಂಕರ್ ಅವರದೇ. ಆದರೆ ಇಲ್ಲಿಂದ ಮುಂದೆ ಅವರ ಬರವಣಿಗೆಯ ಕಸುವು ಬೇರೆಯಾಯಿತು ಎಂದು ನನ್ನ ಕಿವಿ ಹೇಳುತ್ತದೆ. ಕಂಪನಿ ನಾಟಕದಲ್ಲಿ ಪಳಗಿದ ಕೊರಳಿಗೆ ಬರೆಯುವಾಗ ವ್ಯಂಜನಗಳಿಗೆ ಹೆದರಬೇಕಿಲ್ಲ. ಎಂಥ ಒತ್ತಕ್ಷರ ಕೊಟ್ಟರೂ ಸ್ಫುಟವಾಗಿ ಸಭೆಯ ಕೊನೆಯ ಬೆಂಚಿಗೆ ಮುಟ್ಟುತ್ತದೆ ಎಂಬ ಧೈರ್ಯ ಬರೆಯುವವರಿಗೆ ಬಂತು. ಹಾಡುವವರು ಬದಲಾದರೆ ಬರೆಯುವವರೂ ಬದಲಾಗುತ್ತಾರೆ.

ಹಂಸಲೇಖ ಅವರದು ಬೇರೆಯೇ ದಾರಿ. ಪದವೂ ಅವರದೇ, ರಾಗವೂ ಅವರದೇ. 1987ರ ‘ಪ್ರೇಮಲೋಕ’ದಲ್ಲಿ ಹುಡುಗ ಹುಡುಗಿ ರಸ್ತೆಯಲ್ಲಿ ಆಡುವ ಮಾತು, ಜಗಳ, ರೇಗಾಟ ಎಲ್ಲ ಹಾಡಾಯಿತು. ನಾವು ಆರ್ಕೆಸ್ಟ್ರಾದಲ್ಲಿ ಅವನ್ನು ಹಾಡಲು ಹೋದಾಗ ಕಷ್ಟ ಗೊತ್ತಾಯಿತು. ರಾಗ ಹಿಡಿದರೆ ಮಾತು ಸಾಯುತ್ತದೆ, ಮಾತು ಆಡಿದರೆ ರಾಗ ಬಿಟ್ಟುಹೋಗುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅದನ್ನು ಹಾಡುವಾಗ ಎರಡೂ ಬದುಕಿವೆ.

ಅವರಿಬ್ಬರ ಮನೆಮಾತು ಕನ್ನಡವಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗು. ಆಗಿನ ಕನ್ನಡ ಹಾಡುಗಳು ಹೆಚ್ಚಾಗಿ ಆದದ್ದು ಮದ್ರಾಸಿನಲ್ಲಿ, ಹಾಡಿದವರು ಹೆಚ್ಚಾಗಿ ತೆಲುಗರು, ತಮಿಳರು. ಬಾಲಸುಬ್ರಹ್ಮಣ್ಯಂ ಸಾಹಿತ್ಯವನ್ನು ತೆಲುಗು ಲಿಪಿಯಲ್ಲಿ ತಮ್ಮ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ತೆಲುಗಿನಲ್ಲಿ ನಮ್ಮ ಎ, ಒ, ಳ ಎಲ್ಲವೂ ಉಂಟು, ಒಂದು ಸ್ವರವೂ ಜಾರುವುದಿಲ್ಲ. ಹಿಂದಿಯ ಗಾಯಕರು ಬರತೊಡಗಿದಾಗ ಟ್ರ್ಯಾಕ್ ಹಾಡುವವರ ಕೆಲಸ ಹೆಚ್ಚಾಯಿತು. ಅವರು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ, ಹಿಂದಿಯ ಬರವಣಿಗೆಯಲ್ಲಿ ಹ್ರಸ್ವ ಎ ಇಲ್ಲ, ಹ್ರಸ್ವ ಒ ಇಲ್ಲ. ಹೀಗಾಗಿ ‘ಎದೆ’ ಏದೇ ಆಗುತ್ತದೆ, ‘ಒಲವು’ ಓಲವು ಆಗುತ್ತದೆ. ನಾನು ಅವರ ಹಾಳೆಯ ಪಕ್ಕ ಕೂತು, ಗಿಡ್ಡ ಮಾಡಬೇಕಾದ ಅಕ್ಷರದ ಮೇಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕುತ್ತಿದ್ದೆ. ಳಕಾರದ ಕೆಳಗೆ ಚುಕ್ಕೆ. ಒಬ್ಬ ಗಾಯಕರು ಗಾಜಿನಾಚೆಯಿಂದ ನನ್ನ ಬಾಯಿಯನ್ನೇ ನೋಡುತ್ತಾ ಹಾಡಿದ್ದುಂಟು. ಅರ್ಥ ಕೇಳುತ್ತಿದ್ದವರು ಬೇರೆ, ಉಚ್ಚಾರಣೆ ಮಾತ್ರ ಕೇಳುತ್ತಿದ್ದವರು ಬೇರೆ. ಅರ್ಥ ಕೇಳಿದವರ ಹಾಡು ನಿಂತಿತು, ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

2006ರ ಕೊನೆಗೆ ‘ಮುಂಗಾರು ಮಳೆ’ ಬಂದಾಗ ಈ ಕೂಡುಬಾಳು ಎಷ್ಟು ದೂರ ಹರಡಿದೆ ಎಂದು ಕಂಡಿತು. ಸಂಗೀತದ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದವರು. ಪದ ಕೊಟ್ಟ ಜಯಂತ ಕಾಯ್ಕಿಣಿ ಗೋಕರ್ಣದವರು, ಮುಂಬಯಿಯಲ್ಲಿ ಬಹಳ ಕಾಲ ಇದ್ದು ಬಂದ ಕಥೆಗಾರ. ಹಾಡಿದ ಸೋನು ನಿಗಮ್ ಉತ್ತರದವರು. ಈ ಮೂವರೂ ಸೇರಿದ ಹಾಡಿನ ಸಾಲುಗಳು ಯಾರೋ ತಮಗೆ ತಾವೇ ಹೇಳಿಕೊಳ್ಳುವ ಮಾತಿನಂತಿವೆ. ಸೋನು ನಿಗಮ್ ದನಿ ಏರಿಸಬಹುದಾದ ಕಡೆಯೂ ಏರಿಸದೆ, ಮೈಕಿನ ಹತ್ತಿರ ಬಂದು ಪಿಸುಮಾತಿನ ಅಳತೆಯಲ್ಲಿ ಹಾಡಿದ್ದಾರೆ. ಕನ್ನಡದ ಕಿವಿಗೆ ಅದು ಹೊಸದು. ಅಷ್ಟು ಒಳ್ಳೆಯ ಕೊರಳು ಇಟ್ಟುಕೊಂಡು ಅದನ್ನು ತೋರಿಸದೆ ಹಾಡುವುದಕ್ಕೆ ಪದದ ಮೇಲೆ ನಂಬಿಕೆ ಬೇಕು.

ಎಲ್ಲ ಸಲವೂ ಹೀಗಾಗುವುದಿಲ್ಲ. ಬಂದು, ಟ್ರ್ಯಾಕ್ ಕೇಳಿ, ಕಾಲು ಗಂಟೆಯಲ್ಲಿ ಹಾಡಿ, ಚೆಕ್ ತೆಗೆದುಕೊಂಡು ಹೋದವರನ್ನೂ ನೋಡಿದ್ದೇನೆ. ಆ ಹಾಡುಗಳಲ್ಲಿ ಒಂದು ಅಪಸ್ವರವೂ ಇರಲಿಲ್ಲ. ಈಗ ನೆನಪಿಗೂ ಬರುವುದಿಲ್ಲ. ಇವತ್ತು ಗಾಯಕರು ತಮ್ಮ ಮನೆಯ ಸ್ಟುಡಿಯೋದಲ್ಲೇ ಹಾಡಿ ಫೈಲ್ ಕಳಿಸುತ್ತಾರೆ. ಎಷ್ಟೋ ಕವಿಗಳು ತಮ್ಮ ಹಾಡು ಹಾಡಿದವರ ಮುಖ ನೋಡಿರುವುದಿಲ್ಲ. ಸಮಯ ಉಳಿಯುತ್ತದೆ, ನಿಜ. ಆದರೆ “ಒಂಥರಾ ಹಾಡಿ ತೋರಿಸ್ತೀನಿ, ಬೇಡ ಅನಿಸಿದ್ರೆ ಬಿಡಿ” ಎಂದು ಹೇಳಲು ಎದುರಿಗೆ ಒಬ್ಬರು ಇರಬೇಕಲ್ಲ. ಆ ನಷ್ಟವನ್ನು ಯಾವ ಸಾಫ್ಟ್‌ವೇರೂ ತುಂಬಿಕೊಡಲಾರದು.

ಹಾಡುವವರು ಪದವನ್ನು ಒಳಗಿನಿಂದ ಬಲ್ಲವರಾದರೆ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಸುಬ್ಬಣ್ಣ ಇದ್ದರು. ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಹಾಡಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಕಂಬಾರರ ಪದದಲ್ಲಿ ಬೆಳಗಾವಿ ಸೀಮೆಯ ಜಾನಪದದ ಓಟವಿದೆ, ಸುಬ್ಬಣ್ಣನವರದು ಮಲೆನಾಡಿನ ತುಂಬು ಕಂಠ. ಎರಡು ಸೀಮೆ ಒಂದಾದದ್ದು ಆ ಹಾಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅಶ್ವತ್ಥರಂತೂ ರಾಗವನ್ನೂ ತಾವೇ ಹಾಕಿ ತಾವೇ ಹಾಡುವವರು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಕವಿಯನ್ನು ಕೇಳುವಂತಿಲ್ಲ. ಆದರೂ ಅಶ್ವತ್ಥರ ದನಿಯಲ್ಲಿ ಶರೀಫರ ಪದ ಕೇಳಿದಾಗ, ಇಬ್ಬರೂ ಎದುರುಬದುರು ಕೂತು ಒಂದೊಂದು ಸಾಲಿಗೂ ವಾದ ಮಾಡಿ ಒಪ್ಪಿಕೊಂಡಂತಿರುತ್ತದೆ. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಅಷ್ಟು ದೊಡ್ಡ ಜನಸಾಗರ ಕವಿತೆಗಳನ್ನು ಸಾಲು ತಪ್ಪದೆ ಹಾಡಿತು. ಪುಸ್ತಕ ಓದದವರೂ ಅದರಲ್ಲಿದ್ದರು. ಅವರ ಬಾಯಿಗೆ ಕುವೆಂಪು, ಬೇಂದ್ರೆ ಬಂದದ್ದು ರಾಗ ಹಾಕಿದವರ, ಹಾಡಿದವರ ದಾರಿಯಿಂದ.

ನಮ್ಮ ಚಿಕ್ಕಂದಿನಲ್ಲಿ ಥಿಯೇಟರಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳಗಿನ ಕಾಗದ, ಅಕ್ಷರ ಒಂದರ ಮೇಲೊಂದು ಬಿದ್ದಿರುತ್ತಿತ್ತು. ಆದರೂ ಬರೆದವರ ಹೆಸರು, ಸಂಗೀತದವರ ಹೆಸರು ಇರುತ್ತಿತ್ತು. ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಚಿತ್ರ, ರಚನೆ, ಸಂಗೀತ, ಹಾಡಿದವರು ಎಂದು ಬಿಡದೆ ಹೇಳುತ್ತಿದ್ದರು. ಆ ನಾಲ್ಕು ಹೆಸರು ಸೇರಿಯೇ ನಮಗೆ ಒಂದು ಹಾಡು ಬಾಯಿಪಾಠವಾಗುತ್ತಿತ್ತು. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಬಾಲಸುಬ್ರಹ್ಮಣ್ಯಂ ಮಕ್ಕಳ ಮುಂದೆ ಕವಿಯನ್ನೂ ಸಂಗೀತ ನಿರ್ದೇಶಕರನ್ನೂ ನೆನೆಯುತ್ತಿದ್ದರು. ಅಷ್ಟು ದೊಡ್ಡ ಗಾಯಕರು ಅದನ್ನು ತಮ್ಮ ಕರ್ತವ್ಯವೆಂದುಕೊಂಡಿದ್ದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಸಿನಿಮಾ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಪಾಲು ಕಾನೂನಿನಿಂದಲೇ ಬಂತು. ದುಡ್ಡಿನ ಹಕ್ಕು ಕಾನೂನು ಕೊಡುತ್ತದೆ, ಸರಿ. ಹೆಸರು ಹೇಳುವುದು ಹಾಡುವವರ, ಕೇಳುವವರ ಕೈಯಲ್ಲಿದೆ.

ಈಗ ನಾನು ಮನೆಯಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಹೊಸ ಹಾಡು ಶುರು ಮಾಡುವಾಗ ಮೊದಲು ಪದವನ್ನು ಓದಿಸುತ್ತೇನೆ, ಆಮೇಲೆ ಬರೆದವರ ಹೆಸರು, ರಾಗ ಹಾಕಿದವರ ಹೆಸರು ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಬರೆಸುತ್ತೇನೆ. ಆಮೇಲೆ ಶ್ರುತಿ. ವೇದಿಕೆಯಲ್ಲಿ ಹಾಡುವ ಗೆಳೆಯರಲ್ಲಿ, ಕಾರ್ಯಕ್ರಮ ನಿರೂಪಿಸುವವರಲ್ಲಿ, ಶಾಲೆಯ ಮೇಷ್ಟ್ರು ಮೇಡಂಗಳಲ್ಲಿ ನನ್ನದೊಂದು ಕೇಳಿಕೆ. ಈ ನವೆಂಬರಿನಲ್ಲಿ ಯಾವ ಹಾಡು ಹಾಡಿದರೂ, ಹಾಡಿಸಿದರೂ, ಮೈಕಿನ ಮುಂದೆ ನಿಂತು ಮೊದಲು ಆ ಹೆಸರುಗಳನ್ನು ಹೇಳಿ. ಆಮೇಲೆ ಹಾಡಿ.